ಅಕ್ಷರದ ಗೆರೆ, ಅರ್ಥದ ಗೆರೆ: ಇಂಗ್ಲಿಷಿನ ದೀರ್ಘಪದಗಳನ್ನು ಬಿಡಿಸುವ ಬಗೆ

ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಇಂಗ್ಲಿಷ್ ಪಠ್ಯಪುಸ್ತಕವನ್ನು ತೆರೆದರೆ, ಸಾಲುಗಳ ನಡುವೆಯೋ ಪುಟದ ಅಂಚಿನಲ್ಲಿಯೋ ಪೆನ್ಸಿಲಿನಿಂದ ಬರೆದ ಕನ್ನಡ ಅಕ್ಷರಗಳು ಕಾಣುವುದು ಅಪರೂಪವಲ್ಲ. ಅಲ್ಲಿ ಬರೆದಿರುವುದು ಪದದ ಅರ್ಥವನ್ನಲ್ಲ, ಉಚ್ಚಾರಣೆಯನ್ನು: ಎಲೆಕ್ಟ್ರಿಸಿಟಿ, ಫೊಟಾಗ್ರಫಿ, ಟ್ರಾನ್ಸಾಕ್ಷನ್. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ವಿಜ್ಞಾನವನ್ನೋ ವಾಣಿಜ್ಯವನ್ನೋ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದ ಹುಡುಗನಿಗೆ ಅಥವಾ ಹುಡುಗಿಗೆ ಇಂತಹ ಪದಗಳು ಒಂದೇ ವರ್ಷದಲ್ಲಿ ನೂರಾರು ಸಂಖ್ಯೆಯಲ್ಲಿ ಎದುರಾಗುತ್ತವೆ. ಅಂಚಿನ ಈ ಬರೆಹವನ್ನು ಕೆಲವು ಶಿಕ್ಷಕರು ಸೋಮಾರಿತನವೆಂದು ಗದರಿಸುವುದುಂಟು, ಕೆಲವರು ಅನಿವಾರ್ಯವೆಂದು ಸುಮ್ಮನಿರುವುದುಂಟು. ಎರಡೂ ನಿಲುವುಗಳು ಮುಖ್ಯ ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ. ಒಂದು ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರಗಳಲ್ಲಿ ಬರೆದ ಕ್ಷಣದಲ್ಲಿಯೇ ಅದನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ತುಂಡರಿಸಿದಂತಾಗುತ್ತದೆ. ಆ ತುಂಡರಿಸುವಿಕೆಯಿಂದ ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಇಂಗ್ಲಿಷಿನ ದೀರ್ಘಪದವೊಂದನ್ನು ಎರಡು ಬಗೆಯಲ್ಲಿ ಬಿಡಿಸಬಹುದು. ಒಂದು, ಉಚ್ಚಾರಾಂಶಗಳಾಗಿ, ಅಂದರೆ ಸಿಲಬಲ್‌ಗಳಾಗಿ. ಇನ್ನೊಂದು, ಅರ್ಥವುಳ್ಳ ಘಟಕಗಳಾಗಿ; ಇವನ್ನು ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಆಕೃತಿಮಾಗಳೆನ್ನುತ್ತಾರೆ. ಮೊದಲನೆಯದು ನಾಲಗೆಗೆ ಬೇಕಾದದ್ದು, ಎರಡನೆಯದು ಅರ್ಥಗ್ರಹಣಕ್ಕೂ ಸ್ಪೆಲ್ಲಿಂಗಿಗೂ ಬೇಕಾದದ್ದು. ಈ ಎರಡು ಗೆರೆಗಳು ಕೆಲವೊಮ್ಮೆ ಒಂದೇ ಜಾಗದಲ್ಲಿ ಬೀಳುತ್ತವೆ, ಬಹಳ ಸಲ ಬೀಳುವುದಿಲ್ಲ. ಕನ್ನಡದ ಅಕ್ಷರ ಇವೆರಡರಿಂದಲೂ ಬೇರೆಯಾದ ಮೂರನೆಯ ಗೆರೆಯೊಂದನ್ನು ಎಳೆಯುತ್ತದೆ. ಅಂಚಿನ ಬರೆಹದ ಕಥೆ ಆರಂಭವಾಗುವುದು ಇಲ್ಲಿ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಬರೆಯುವಾಗ ಅದು ಕ-ನ್ನ-ಡ. ನುಡಿಯುವಾಗ ಕನ್-ನ-ಡ. ಸ್ವರವಿಲ್ಲದ ವ್ಯಂಜನವನ್ನು ಮುಂದಿನ ಅಕ್ಷರದೊಡನೆ ಒತ್ತಾಗಿ ಸೇರಿಸುವುದು ಲಿಪಿಯ ನಿಯಮ. ಅದನ್ನು ಹಿಂದಿನ ಸ್ವರಕ್ಕೆ ಆತುಕೊಳ್ಳುವಂತೆ ಮಾಡುವುದು ಕಿವಿಯ ನಿಯಮ. ಈ ವ್ಯತ್ಯಾಸ ಕನ್ನಡಿಗರಿಗೆ ಹೊಸತಲ್ಲ. ಷಟ್ಪದಿಗೆ ಪ್ರಸ್ತಾರ ಹಾಕಲು ಕಲಿತ ಯಾವ ವಿದ್ಯಾರ್ಥಿಯೂ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂದು ಹೇಳಬಲ್ಲ. ಹಾಗೇಕೆ ಆಗುತ್ತದೆ ಎಂದು ಕೇಳಿದರೆ ಉತ್ತರ ಇದೇ: ಒತ್ತಿನ ಮೊದಲ ವ್ಯಂಜನ ಉಚ್ಚಾರಣೆಯಲ್ಲಿ ಹಿಂದಿನ ಸ್ವರದ ಕಡೆಗೆ ಸೇರಿ ಆ ಉಚ್ಚಾರಾಂಶವನ್ನು ಮುಚ್ಚುತ್ತದೆ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಸಾಗಿ ಬಂದ ಗುರು-ಲಘು ವಿಚಾರ ನಿಜಕ್ಕೂ ಉಚ್ಚಾರಾಂಶದ ವಿಚಾರವೇ. ಇಂಗ್ಲಿಷ್ ತರಗತಿಯಲ್ಲಿ ಮುಚ್ಚಿದ ಉಚ್ಚಾರಾಂಶ, ತೆರೆದ ಉಚ್ಚಾರಾಂಶ ಎಂದು ಹೊಸದಾಗಿ ಕಲಿಸುವುದರ ಅರ್ಧಭಾಗ ಪಕ್ಕದ ಕನ್ನಡ ತರಗತಿಯಲ್ಲಿ ಆಗಲೇ ನಡೆದುಹೋಗಿರುತ್ತದೆ. ಇಬ್ಬರು ಅಧ್ಯಾಪಕರೂ ಅದನ್ನು ಪರಸ್ಪರ ಹೇಳಿಕೊಂಡಿರುವುದಿಲ್ಲ, ಅಷ್ಟೆ.

ಇಂಗ್ಲಿಷಿನಲ್ಲಿಯೂ ಒಂದು ಕಾಲದಲ್ಲಿ ಪದಗಳನ್ನು ಹೆಚ್ಚುಕಡಿಮೆ ಕನ್ನಡದ ಅಕ್ಷರಗಳಂತೆಯೇ ತುಂಡರಿಸುತ್ತಿದ್ದರು ಎಂಬುದು ಕುತೂಹಲಕರ. ಥಾಮಸ್ ಡಿಲ್ವರ್ತ್ 1740ರಲ್ಲಿ ಹೊರತಂದ ಸ್ಪೆಲ್ಲಿಂಗ್ ಪುಸ್ತಕ ಇಂಗ್ಲೆಂಡಿನಲ್ಲಿಯೂ ಅಮೆರಿಕದ ವಸಾಹತುಗಳಲ್ಲಿಯೂ ಬಹುಕಾಲ ಮಕ್ಕಳ ಕೈಯಲ್ಲಿತ್ತು. ಅದರ ಸಂಪ್ರದಾಯದಲ್ಲಿ ಎರಡು ಸ್ವರಗಳ ನಡುವಿನ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತಿತ್ತು. ಹ್ಯಾಬಿಟ್ ಎಂಬುದು ಹ್ಯಾ-ಬಿಟ್, ಕ್ಲಸ್ಟರ್ ಎಂಬುದು ಕ್ಲ-ಸ್ಟರ್. ಕನ್ನಡ ಬರೆಹದ ಒತ್ತಕ್ಷರದಲ್ಲಿ ಕಾಣುವುದೂ ಇದೇ ತುಂಡು. 1783ರಲ್ಲಿ ನೋವಾ ವೆಬ್‌ಸ್ಟರ್ ತನ್ನ ಪುಸ್ತಕದಲ್ಲಿ ಇದನ್ನು ಬದಲಿಸಿ ಹ್ಯಾಬ್-ಇಟ್, ಕ್ಲಸ್-ಟರ್ ಎಂದು ವಿಂಗಡಿಸಿದ. ಸ್ವರ ಹ್ರಸ್ವವಾಗಿ ಕೇಳಿಸಬೇಕಾದರೆ ಅದನ್ನು ವ್ಯಂಜನದಿಂದ ಮುಚ್ಚಿ ತೋರಿಸಬೇಕು ಎಂಬುದು ಅವನ ತರ್ಕ. ನೇಷನ್ ಎಂಬ ಪದದ ಕೊನೆಯ ಭಾಗವನ್ನು ಎರಡಾಗಿ ಒಡೆಯುತ್ತಿದ್ದ ಹಳೆಯ ಪದ್ಧತಿಯನ್ನೂ ಅವನು ಕೈಬಿಟ್ಟು, ‘ಷನ್’ ಎಂದು ಕೇಳಿಸುವುದನ್ನು ಒಂದೇ ತುಂಡಾಗಿ ಉಳಿಸಿದ. ಇಂದು ಅಮೆರಿಕದ ನಿಘಂಟುಗಳಲ್ಲಿ ಚುಕ್ಕೆಯಿಟ್ಟು ತೋರಿಸುವ ವಿಭಜನೆಗೆ ಹಿನ್ನೆಲೆ ಈ ಬದಲಾವಣೆ.

ಆದರೆ ಈ ನಿಯಮಗಳು ಓದುಗನನ್ನು ಎಷ್ಟು ದೂರ ಕೊಂಡೊಯ್ಯುತ್ತವೆ? ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳಿದ್ದರೆ ಅವುಗಳ ನಡುವೆ ಒಡೆ, ಒಂದೇ ವ್ಯಂಜನವಿದ್ದರೆ ಅದರ ಮೊದಲು ಒಡೆ ಎಂಬುದು ತರಗತಿಗಳಲ್ಲಿ ಪ್ರಚಲಿತವಾದ ಸೂತ್ರ. ಅಮೆರಿಕದ ಡೆವಿನ್ ಕರ್ನ್ಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಓದಿನಲ್ಲಿ ಬರುವ ಪದಗಳನ್ನು ಪರೀಕ್ಷಿಸಿ, ಮೊದಲನೆಯ ಸೂತ್ರವನ್ನು ಸಾಕಷ್ಟು ನಂಬಬಹುದು, ಎರಡನೆಯದನ್ನು, ಅದರಲ್ಲಿಯೂ ಪದ ಉದ್ದವಾದಷ್ಟೂ, ನಂಬುವಂತಿಲ್ಲ ಎಂದು ತೋರಿಸಿದರು. ನೆರವು ಹೆಚ್ಚು ಬೇಕಾದಲ್ಲಿಯೇ ನಿಯಮ ಕೈಕೊಡುತ್ತದೆ ಎಂದಾಯಿತು. ಮುದ್ರಕರ ಅನುಭವವೂ ಭಿನ್ನವಲ್ಲ. ಕನ್ನಡದ ಮೊಳೆ ಜೋಡಿಸುವವನು ಸಾಲಿನ ಕೊನೆಯಲ್ಲಿ ಯಾವ ಅಕ್ಷರದ ಬಳಿಯಲ್ಲಿಯಾದರೂ ಪದವನ್ನು ಮುರಿಯಬಹುದಿತ್ತು. ಇಂಗ್ಲಿಷಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ನಾಲೆಜ್ ಎಂಬ ಪದವನ್ನು ಬ್ರಿಟಿಷ್ ಸಂಪ್ರದಾಯ ‘ನೋ’ ಎಂಬ ಕ್ರಿಯಾಪದ ಇಡಿಯಾಗಿ ಉಳಿಯುವಂತೆ ಒಡೆಯುತ್ತದೆ. ಅಮೆರಿಕದ ಸಂಪ್ರದಾಯ ಕಿವಿಗೆ ಕೇಳಿಸಿದಂತೆ ‘ಎಲ್’ ಲಿಪಿಯನ್ನೂ ಮೊದಲ ತುಂಡಿಗೆ ಸೇರಿಸುತ್ತದೆ. ಒಂದು ಅರ್ಥದ ಗೆರೆ, ಇನ್ನೊಂದು ಉಚ್ಚಾರದ ಗೆರೆ. 1983ರಲ್ಲಿ ಫ್ರಾಂಕ್ಲಿನ್ ಲಿಯಾಂಗ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆದು ಗಣಕಕ್ಕೆ ಪದ ಒಡೆಯುವುದನ್ನು ಕಲಿಸಿದಾಗ, ನಿಘಂಟಿನ ಗೆರೆಗಳಲ್ಲಿ ಶೇ. 89ರಷ್ಟನ್ನು ಹಿಡಿಯಲು 4447 ಮಾದರಿಗಳು ಬೇಕಾದವು.

ಕನ್ನಡದ ಮಗುವಿನ ಕಡೆಗೆ ಮರಳಿದರೆ, ಅದರ ಮನಸ್ಸಿನಲ್ಲಿ ಮೊದಲು ನೆಲೆಯೂರುವ ಘಟಕ ಅಕ್ಷರ. ಸೊನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಮಾಲೆಯ ಪೂರ್ಣ ಹಿಡಿತಕ್ಕೆ ಹಲವು ತರಗತಿಗಳೇ ಬೇಕಾಗುವುದನ್ನೂ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುವುದನ್ನೂ ದಾಖಲಿಸಿದೆ. ಇದು ಕೊರತೆಯಲ್ಲ, ಲಿಪಿಯ ಸ್ವಭಾವ. ‘ಕಿ’ ಎಂಬುದರಲ್ಲಿ ಎರಡು ಧ್ವನಿಗಳಿದ್ದರೂ ಕಣ್ಣಿಗೆ ಅದು ಒಂದು. ಹೀಗೆ ಬೆಳೆದ ಓದುಗ ಇಂಗ್ಲಿಷ್ ಪದವನ್ನು ಕಂಡೊಡನೆ ಅದನ್ನು ಅಕ್ಷರಗಳಾಗಿ ಮರುಜೋಡಿಸಿಕೊಳ್ಳುವುದು ಸಹಜ. ಅಂಚಿನ ಬರೆಹ ಈ ಒಳಗಿನ ಕೆಲಸದ ಹೊರಗುರುತು.

ಈ ಮರುಜೋಡಣೆಯಲ್ಲಿ ನಷ್ಟವಾಗುವುದೇನೆಂದು ತಿಳಿಯಲು ಇಂಗ್ಲಿಷ್ ಸ್ಪೆಲ್ಲಿಂಗಿನ ಸ್ವಭಾವವನ್ನು ನೋಡಬೇಕು. ಅದು ಉಚ್ಚಾರಕ್ಕೆ ನಿಷ್ಠವಾಗಿಲ್ಲವೆಂಬ ದೂರು ಹಳೆಯದು. ಆದರೆ ಅದಕ್ಕೆ ಇನ್ನೊಂದು ನಿಷ್ಠೆಯಿದೆ. ಎಲೆಕ್ಟ್ರಿಕ್, ಎಲೆಕ್ಟ್ರಿಸಿಟಿ, ಎಲೆಕ್ಟ್ರಿಷಿಯನ್ ಎಂಬ ಮೂರು ಪದಗಳನ್ನು ಕನ್ನಡದಲ್ಲಿ ಬರೆದಾಗ ಒಂದರಲ್ಲಿ ಕಕಾರ, ಒಂದರಲ್ಲಿ ಸಕಾರ, ಒಂದರಲ್ಲಿ ಷಕಾರ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಮೂರೂ ಕಡೆ ಇರುವುದು ‘ಸಿ’ ಎಂಬ ಒಂದೇ ಲಿಪಿ. ಸೈನ್ ಎಂಬಲ್ಲಿ ಉಚ್ಚರಿಸದ ‘ಜಿ’ ಏಕಿದೆ ಎಂಬ ಪ್ರಶ್ನೆಗೆ ಸಿಗ್ನಲ್, ಸಿಗ್ನೇಚರ್ ಎಂಬ ಪದಗಳು ಉತ್ತರ ಕೊಡುತ್ತವೆ. ಹೀಲ್, ಹೆಲ್ತ್ ಎಂಬುವು ಕನ್ನಡ ಬರೆಹದಲ್ಲಿ ಬೇರೆ ಬೇರೆ ಮನೆತನದವು. ಇಂಗ್ಲಿಷಿನಲ್ಲಿ ಎರಡನೆಯದು ಮೊದಲನೆಯದರ ಮಗಳೆಂದು ಲಿಪಿಯೇ ಸಾರುತ್ತದೆ. ನೋಮ್ ಚಾಮ್ಸ್ಕಿ ಮತ್ತು ಮಾರಿಸ್ ಹ್ಯಾಲೆ 1968ರ ತಮ್ಮ ಗ್ರಂಥದಲ್ಲಿ, ಇಂಗ್ಲಿಷ್ ಬಲ್ಲವನ ಮಟ್ಟಿಗೆ ಅದರ ಬರೆಹವ್ಯವಸ್ಥೆ ಬಹುಮಟ್ಟಿಗೆ ಅತ್ಯುತ್ತಮವಾದುದೆಂದು ವಾದಿಸಿದ್ದು ಇದೇ ಕಾರಣಕ್ಕೆ. ಕ್ಯಾರಲ್ ಚಾಮ್ಸ್ಕಿ 1970ರಲ್ಲಿ ಈ ವಾದವನ್ನು ಓದು ಕಲಿಸುವ ಕ್ಷೇತ್ರಕ್ಕೆ ತಂದರು. ‘ಇಂಗ್ಲಿಷ್ ಬಲ್ಲವನ ಮಟ್ಟಿಗೆ’ ಎಂಬ ಷರತ್ತು ಇಲ್ಲಿ ಮುಖ್ಯವಾದುದು. ಸಿಗ್ನೇಚರ್ ಎಂಬ ಪದವನ್ನೇ ಕೇಳಿರದ ಮಗುವಿಗೆ ಸೈನ್ ಪದದ ‘ಜಿ’ ಬರಿಯ ಪೀಡೆ. ಕನ್ನಡ ಲಿಪ್ಯಂತರ ಉಚ್ಚಾರವನ್ನು ಬಯಲು ಮಾಡಿ ಬಾಂಧವ್ಯವನ್ನು ಮುಚ್ಚುತ್ತದೆ, ಇಂಗ್ಲಿಷ್ ಸ್ಪೆಲ್ಲಿಂಗ್ ಬಾಂಧವ್ಯವನ್ನು ತೋರಿಸಿ ಉಚ್ಚಾರವನ್ನು ಮುಚ್ಚುತ್ತದೆ. ಅಂಚಿನ ಬರೆಹವನ್ನೇ ನೆಚ್ಚಿ ಕಲಿತವನು ಪ್ರತಿ ಪದವನ್ನೂ ಒಂಟಿಯಾಗಿ ಬಾಯಿಪಾಠ ಮಾಡಬೇಕಾಗುತ್ತದೆ.

ಮೂರು ಪದಗಳನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಟ್ರಾನ್ಸಾಕ್ಷನ್. ಬ್ಯಾಂಕಿನ ಚೀಟಿಗಳ ಮೇಲೆ ಕಾಣುವ ಪದ. ಅಕ್ಷರಗಳಾಗಿ ಅದು ಟ್ರಾ-ನ್ಸಾ-ಕ್ಷ-ನ್. ಅರ್ಥದ ಘಟಕಗಳು ಟ್ರಾನ್ಸ್ + ಆಕ್ಟ್ + ಇಯನ್: ಆಚೆ, ಮಾಡು, ಕ್ರಿಯೆಯನ್ನು ಹೆಸರಾಗಿಸುವ ಪ್ರತ್ಯಯ. ಮೊದಲ ಗೆರೆ ಬೀಳಬೇಕಾದುದು ‘ನ್ಸಾ’ ಎಂಬ ಅಕ್ಷರದ ಹೊಟ್ಟೆಯೊಳಗೆ, ಎರಡನೆಯದು ‘ಕ್ಷ’ ಎಂಬುದರ ಒಳಗೆ. ಎರಡು ಎಲ್ಲೆಗಳನ್ನೂ ಅಕ್ಷರಗಳು ನುಂಗಿವೆ. ಕನ್ನಡದಲ್ಲಿ ಬರೆದುಕೊಂಡು ಎಷ್ಟು ಸಲ ಓದಿದರೂ ಇದರಲ್ಲಿ ‘ಆಕ್ಟ್’ ಇದೆ ಎಂದು ಹೊಳೆಯುವುದಿಲ್ಲ.

ಎರಡನೆಯದು ಫೊಟಾಗ್ರಫಿ. ಅಮೆರಿಕದ ನಿಘಂಟುಗಳು ಇದನ್ನು ಫೊ-ಟಾಗ್-ರ-ಫಿ ಎಂದು ಒಡೆಯುತ್ತವೆ. ಅರ್ಥದ ಗೆರೆ ಬೆಳಕು ಎಂಬ ಅರ್ಥದ ‘ಫೋಟೊ’ ಮತ್ತು ಬರೆ ಎಂಬ ಅರ್ಥದ ‘ಗ್ರಾಫ್’ ನಡುವೆ. ಕನ್ನಡದ ಅಕ್ಷರಗಳು ಫೊ-ಟಾ-ಗ್ರ-ಫಿ. ಇಲ್ಲಿ ಕನ್ನಡ ಲಿಪಿ ‘ಗ್ರ’ ಎಂಬುದನ್ನು ಒಡೆಯದೆ ಉಳಿಸಿದ್ದರಿಂದ ಗ್ರೀಕ್ ಧಾತುವಿನ ತಲೆಯೂ ಉಳಿಯಿತು. ಆದರೆ ಫೋಟೊಗ್ರಾಫ್, ಫೊಟಾಗ್ರಫಿ, ಫೋಟೊಗ್ರಾಫಿಕ್ ಎಂದು ಒತ್ತು ಜಾಗ ಬದಲಿಸಿದಂತೆಲ್ಲ ಸ್ವರಗಳು ಬದಲಾಗುವುದನ್ನು ಕನ್ನಡ ಬರೆಹ ಪ್ರಾಮಾಣಿಕವಾಗಿ ದಾಖಲಿಸಿ, ಮೂರೂ ಬೇರೆ ಪದಗಳೆಂಬ ಭ್ರಮೆ ಹುಟ್ಟಿಸುತ್ತದೆ. ‘ಇಕ್’, ‘ಇಟಿ’, ‘ಇಯನ್’ ಎಂಬಂತಹ ಪ್ರತ್ಯಯಗಳು ಒತ್ತನ್ನು ತಮ್ಮ ಹತ್ತಿರಕ್ಕೆ ಎಳೆಯುತ್ತವೆ, ‘ನೆಸ್’, ‘ಲೆಸ್’, ‘ಫುಲ್’ ಎಂಬುವು ಎಳೆಯುವುದಿಲ್ಲ ಎಂಬ ಒಂದು ಮಾತನ್ನು ಹೇಳಿಕೊಟ್ಟರೆ ಈ ಭ್ರಮೆ ಬಹುಪಾಲು ಕರಗುತ್ತದೆ. (1839ರಲ್ಲಿ ಜಾನ್ ಹರ್ಷೆಲ್ ಇಂಗ್ಲಿಷಿನಲ್ಲಿ ಬಳಕೆಗೆ ತಂದ ಈ ಪದ ಬೆಳಕನ್ನು ಹೆಸರಿಸಿದರೆ, ಕನ್ನಡದ ಛಾಯಾಚಿತ್ರ ನೆರಳನ್ನು ಹೆಸರಿಸುತ್ತದೆ. ಯಂತ್ರ ಒಂದೇ.)

ಮೂರನೆಯದು ಹೆಲಿಕಾಪ್ಟರ್. ಇಂಗ್ಲಿಷರು ಇದನ್ನು ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಒಡೆದುಕೊಂಡು, ಹೆಲಿಪೋರ್ಟ್, ಹೆಲಿಪ್ಯಾಡ್ ಎಂಬ ಪದಗಳನ್ನೇ ಹುಟ್ಟಿಸಿದ್ದಾರೆ. ಮೂಲದಲ್ಲಿ ಅದು ಗ್ರೀಕಿನ ‘ಹೆಲಿಕೊ’, ಸುರುಳಿ, ಮತ್ತು ‘ಪ್ಟೆರಾನ್’, ರೆಕ್ಕೆ. ಫ್ರೆಂಚಿನಲ್ಲಿ 1861ರಲ್ಲಿ ಹುಟ್ಟಿದ ಪದ. ಸಂಸ್ಕೃತದ ‘ಪತತ್ರ’, ರೆಕ್ಕೆ, ಇದೇ ಪ್ಟೆರಾನ್‌ನ ದಾಯಾದಿ. ಇಂಗ್ಲಿಷ್ ನಾಲಗೆ ‘ಕಾಪ್-ಟರ್’ ಎಂದು ಪಕಾರವನ್ನು ಹಿಂದಕ್ಕೆ ಸೇರಿಸಿದರೆ, ಕನ್ನಡದ ಒತ್ತಕ್ಷರ ‘ಪ್ಟ’ ಎಂದು ಅದನ್ನು ರೆಕ್ಕೆಯ ಪಾಲಿಗೇ ಬಿಟ್ಟಿದೆ. ಇದು ಲಿಪಿಯ ಜಾಣತನವಲ್ಲ, ಕಾಕತಾಳೀಯ. ಟ್ರಾನ್ಸಾಕ್ಷನ್ ಪದದಲ್ಲಿ ಎಲ್ಲೆಯನ್ನು ನುಂಗಿದ ನಿಯಮವೇ ಇಲ್ಲಿ ಎಲ್ಲೆಯನ್ನು ಕಾದಿದೆ. ಆದುದರಿಂದ ಅಕ್ಷರದ ಗೆರೆಯನ್ನು ಅರ್ಥದ ಗೆರೆಯೆಂದು ನಂಬುವಂತಿಲ್ಲ, ಸುಳ್ಳೆಂದು ತಳ್ಳುವಂತೆಯೂ ಇಲ್ಲ.

ಹಾಗಾದರೆ ಅರ್ಥದ ಗೆರೆಯನ್ನು ಗುರುತಿಸುವ ಸಾಧನವನ್ನು ಕನ್ನಡದ ವಿದ್ಯಾರ್ಥಿ ಇಂಗ್ಲಿಷಿನಿಂದಲೇ ಪಡೆಯಬೇಕೆ? ಬೇಕಿಲ್ಲ. ಅಕ್ಷರಗಳು ಎಲ್ಲೆಗಳನ್ನು ನುಂಗುವುದು ಕನ್ನಡದಲ್ಲಿಯೂ ನಿತ್ಯದ ಸಂಗತಿ. ‘ಶಾಲೆಗಳಲ್ಲಿಯೂ’ ಎಂಬುದು ಬರೆಹದಲ್ಲಿ ಶಾ-ಲೆ-ಗ-ಳ-ಲ್ಲಿ-ಯೂ. ವ್ಯಾಕರಣದಲ್ಲಿ ಶಾಲೆ + ಗಳು + ಅಲ್ಲಿ + ಊ. ‘ಳ’ ಎಂಬಲ್ಲಿ ಬಹುವಚನದ ಬಾಲವೂ ಸಪ್ತಮಿಯ ತಲೆಯೂ ಕೂಡಿಕೊಂಡಿವೆ. ‘ಯೂ’ ಎಂಬುದರಲ್ಲಿ ಯಕಾರ ಬರಿಯ ಆಗಮ, ಊಕಾರ ಮಾತ್ರ ಅರ್ಥವುಳ್ಳದ್ದು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ಸಂಧಿ, ನಾಮ, ಸಮಾಸ, ತದ್ಧಿತ ಮುಂತಾದ ಪ್ರಕರಣಗಳಾಗಿ ಕಟ್ಟಿದ್ದು ಇಂತಹ ಬಿಡಿಸುವ ಕೆಲಸಕ್ಕಾಗಿಯೇ. ಪ್ರಕೃತಿ ಯಾವುದು, ಪ್ರತ್ಯಯ ಯಾವುದು, ನಡುವೆ ಲೋಪವೋ ಆಗಮವೋ ಆದೇಶವೋ ಎಂದು ಕೇಳುವ ಅಭ್ಯಾಸವನ್ನು ಶಾಲೆಯ ವ್ಯಾಕರಣ ಇಂದಿಗೂ ಕೊಡುತ್ತದೆ. ಬಳೆಗಾರ, ಜಾಣತನ ಎಂಬುವುಗಳ ತದ್ಧಿತವನ್ನು ಕಳಚಬಲ್ಲವನಿಗೆ ಟೀಚರ್, ಕೈಂಡ್‌ನೆಸ್ ಎಂಬುವುಗಳಿಂದ ‘ಅರ್’, ‘ನೆಸ್’ ಎಂಬುವನ್ನು ಕಳಚುವುದು ಕಷ್ಟವಾಗಬೇಕಿಲ್ಲ. ಕನ್ನಡ ಬಾಲದ ಕಡೆಗೆ ಬೆಳೆಯುವ ಭಾಷೆಯಾದ್ದರಿಂದ ಪದವನ್ನು ಕೊನೆಯಿಂದ ಬಿಡಿಸುತ್ತ ಬರುವುದು ಕನ್ನಡಿಗನಿಗೆ ಒಗ್ಗಿದ ಕ್ರಮ, ಇಂಗ್ಲಿಷಿನ ದೀರ್ಘಪದಗಳಿಗೂ ಅದು ಒಳ್ಳೆಯ ಆರಂಭವೇ.

ತಲೆಯ ಕಡೆ ಮಾತ್ರ ಸ್ವಲ್ಪ ಎಡವಟ್ಟಿದೆ. ಅನ್‌ಬ್ರೇಕಬಲ್ ಎಂಬಲ್ಲಿ ನಿಷೇಧ ಮೊದಲು ಬರುತ್ತದೆ, ‘ಒಡೆಯಲಾಗದ’ ಎಂಬಲ್ಲಿ ಕೊನೆಗೆ. ಅಚ್ಚಗನ್ನಡದಲ್ಲಿ ಪದದ ಮೊದಲಿಗೆ ಸೇರುವ ಘಟಕಗಳು ಬಹಳ ವಿರಳ. ಈ ಕೊರತೆಯನ್ನು ತುಂಬುವುದು ಸಂಸ್ಕೃತದಿಂದ ಬಂದ ಉಪಸರ್ಗಗಳು ಮತ್ತು ಅವುಗಳಂತೆ ವರ್ತಿಸುವ ಅವ್ಯಯಗಳು. ಇಂಟರ್ ಮತ್ತು ಅಂತರ್, ಸೂಪರ್ ಮತ್ತು ಉಪರಿ, ಸಬ್ ಮತ್ತು ಉಪ, ಇವು ಕೇವಲ ಸಮಾನಾರ್ಥಕಗಳಲ್ಲ, ಒಂದೇ ಮೂಲದಿಂದ ಕವಲೊಡೆದವು. ಜೆರೆಮಿ ಬೆಂಥಮ್ 1780ರಲ್ಲಿ ಮುದ್ರಣವಾಗಿ 1789ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಟಂಕಿಸಿದ ಇಂಟರ್‌ನ್ಯಾಷನಲ್ ಎಂಬ ಪದವನ್ನು ಬಿಡಿಸಿದರೆ ಇಂಟರ್ + ನೇಷನ್ + ಅಲ್. ಅಂತರ್ + ರಾಷ್ಟ್ರ + ಈಯ ಎಂಬುದು ಅದಕ್ಕೆ ತುಂಡಿಗೆ ತುಂಡು ಸರಿಹೊಂದುತ್ತದೆ. ರೇಫದ ಮುಂದೆ ರೇಫ ಬಂದರೆ ಮೊದಲನೆಯದು ಲೋಪವಾಗಿ ಹಿಂದಿನ ಸ್ವರ ದೀರ್ಘವಾಗಬೇಕು, ನೀರಸ, ನೀರೋಗ ಎಂಬಂತೆ. ಆದುದರಿಂದ ‘ಅಂತಾರಾಷ್ಟ್ರೀಯ’ ಎಂಬುದೇ ಸಾಧು ಎನ್ನುವವರೂ, ಘಟಕಗಳು ಕಾಣುವಂತೆ ‘ಅಂತರರಾಷ್ಟ್ರೀಯ’ ಎಂದು ಬರೆಯುವವರೂ ನಡೆಸುವ ವಾದ, ವಾಸ್ತವವಾಗಿ ಅಮೆರಿಕನರು ಮತ್ತು ಬ್ರಿಟಿಷರು ನಾಲೆಜ್ ಪದದ ಬಗ್ಗೆ ನಡೆಸುವ ವಾದದ ಇನ್ನೊಂದು ರೂಪ.

ಸಂಧಿಯ ತಿಳಿವಳಿಕೆ ಸ್ಪೆಲ್ಲಿಂಗಿಗೆ ನೇರವಾಗಿ ಒದಗುತ್ತದೆ. ಉತ್ + ಲಾಸ ಉಲ್ಲಾಸವಾಗುವಂತೆ ಇನ್ + ಲೀಗಲ್ ಎಂಬುದು ಇಲ್ಲೀಗಲ್ ಆಗುತ್ತದೆ. ಉಚ್ಚಾರದಲ್ಲಿ ಒಂದೇ ಲಕಾರ ಕೇಳಿಸಿದರೂ ಬರೆಹದಲ್ಲಿ ಎರಡು ‘ಎಲ್’ ಇರುವುದಕ್ಕೆ ಕಾರಣ ಅದು. ಡಿಸಪಾಯಿಂಟ್ ಎಂಬ ಪದದಲ್ಲಿ ‘ಎಸ್’ ಎಷ್ಟು, ‘ಪಿ’ ಎಷ್ಟು ಎಂದು ಪದವೀಧರರೂ ತಡವರಿಸುತ್ತಾರೆ. ಡಿಸ್ + ಅಪಾಯಿಂಟ್ ಎಂದು ಗೆರೆ ಎಳೆದರೆ ‘ಎಸ್’ ಒಂದೇ ಎಂಬುದು ಖಚಿತ. ಅಪಾಯಿಂಟ್ ಎಂಬುದರೊಳಗೆ ‘ಆಡ್’ ಎಂಬ ಲ್ಯಾಟಿನ್ ಉಪಸರ್ಗ ಮುಂದಿನ ಪಕಾರಕ್ಕೆ ಸವರ್ಣವಾಗಿ ಕರಗಿದೆ, ಆದುದರಿಂದ ‘ಪಿ’ ಎರಡು. ಡಿಸ್ಯಾಟಿಸ್ಫೈ ಎಂಬಲ್ಲಿಯಾದರೋ ಡಿಸ್ + ಸ್ಯಾಟಿಸ್ಫೈ, ‘ಎಸ್’ ಎರಡು. ಸಿಲಬಲ್ ಎಂಬ ಪದವೇ ಇಂತಹ ಸಂಧಿಯ ಫಲ: ಗ್ರೀಕಿನ ‘ಸಿನ್’, ಒಟ್ಟಿಗೆ, ಮತ್ತು ಹಿಡಿ ಎಂಬ ಅರ್ಥದ ಧಾತು. ನಕಾರ ಲಕಾರವಾಗಿದೆ. ಗ್ರೀಕರಿಗೆ ಅದು ಒಟ್ಟಾಗಿ ಹಿಡಿದುಕೊಂಡ ಧ್ವನಿಗಳು, ಭಾರತೀಯರಿಗೆ ಕ್ಷರವಾಗದ ಅ-ಕ್ಷರ.

ಗಡಿನಾಡಿನ ಮಟ್ಟಿಗೆ ಇನ್ನೂ ಒಂದು ಅನುಕೂಲವಿದೆ. ಅಲ್ಲಿಯ ಕನ್ನಡಿಗನ ಕಿವಿಗೆ ಎರಡಲ್ಲ, ಮೂರು ಭಾಷೆಗಳು ಬೀಳುತ್ತವೆ. ಫೋಟೊಸಿಂಥೆಸಿಸ್ ಎಂಬ ಪದವನ್ನು ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಬಾರ್ನ್ಸ್ 1893ರಲ್ಲಿ ಮುಂದಿಟ್ಟಾಗ ಅವರಿಗೆ ಹೆಚ್ಚು ಪ್ರಿಯವಾಗಿದ್ದುದು ಫೋಟೊಸಿಂಟ್ಯಾಕ್ಸ್ ಎಂಬ ಪರ್ಯಾಯ. ಬಳಕೆಯಲ್ಲಿ ಉಳಿದದ್ದು ಮೊದಲನೆಯದು. ಫೋಟೊ + ಸಿನ್ + ಥೆಸಿಸ್: ಬೆಳಕು, ಒಟ್ಟಿಗೆ, ಇಡುವಿಕೆ. ಕನ್ನಡದ ಪಠ್ಯಗಳಲ್ಲಿ ಇದು ದ್ಯುತಿ + ಸಂ + ಶ್ಲೇಷಣೆ. ಕಾಸರಗೋಡಿನ ವಿದ್ಯಾರ್ಥಿ ಪಕ್ಕದ ಮಲಯಾಳಂ ತರಗತಿಯಲ್ಲಿ ಕೇಳುವುದು ಪ್ರಕಾಶಸಂಶ್ಲೇಷಣಂ. ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಮರಾಠಿಯ ಪ್ರಕಾಶಸಂಶ್ಲೇಷಣ. ತಾಳವಾಡಿ, ಹೊಸೂರುಗಳಲ್ಲಿ ತಮಿಳಿನ ಒಳಿಚ್ಚೇರ್ಕ್ಕೈ. ಒಳಿ ಎಂದರೆ ಬೆಳಕು, ಸೇರ್ಕ್ಕೈ ಎಂಬುದರಲ್ಲಿ ಕನ್ನಡದ ‘ಸೇರು’ ಕಣ್ಣಿಗೆ ಕಾಣುವಂತಿದೆ. ಆದೋನಿ, ರಾಯದುರ್ಗ, ಮಡಕಶಿರಾಗಳಲ್ಲಿ ತೆಲುಗಿನ ಕಿರಣಜನ್ಯ ಸಂಯೋಗಕ್ರಿಯ. ಕಿರಣದಿಂದ ಹುಟ್ಟಿದ ಕೂಡಿಕೆಯ ಕ್ರಿಯೆ. ಐದು ಭಾಷೆಗಳೂ ಅದೇ ಗ್ರೀಕ್ ಪದವನ್ನು ಅವೇ ಗೆರೆಗಳ ಬಳಿ ಒಡೆದು ತಮ್ಮ ಸಾಮಗ್ರಿಯಿಂದ ಮತ್ತೆ ಕಟ್ಟಿವೆ. ಮೈಕ್ರೊಸ್ಕೋಪ್ ಕೂಡ ಹಾಗೆಯೇ: ಕನ್ನಡ ಮತ್ತು ಮರಾಠಿಯಲ್ಲಿ ಸೂಕ್ಷ್ಮದರ್ಶಕ, ಮಲಯಾಳಂ ಮತ್ತು ತೆಲುಗಿನಲ್ಲಿ ಸೂಕ್ಷ್ಮದರ್ಶಿನಿ, ತಮಿಳಿನಲ್ಲಿ ನುಣ್ಣೋಕ್ಕಿ, ಇದರ ‘ನುಣ್’ ಕನ್ನಡದ ನುಣ್ಣಗೆ ಎಂಬುದರ ನುಣ್. ತಾಳವಾಡಿಯ ಮಗುವಿಗೆ ಎರಡು ನುಡಿಗಳ ಹೊರೆಯೆಂದು ಕಾಣುವುದು ಮೂರನೆಯ ನುಡಿಯ ಪದಕ್ಕೆ ಕೀಲಿಕೈಯಾಗಬಲ್ಲದು. ಆದರೆ ಪಠ್ಯಪುಸ್ತಕಗಳ ಕೊನೆಗಿರುವ ಪದಪಟ್ಟಿಗಳು ಸಾಮಾನ್ಯವಾಗಿ ಇಡೀ ಪದದ ಎದುರಿಗೆ ಇಡೀ ಪದವನ್ನು ನಿಲ್ಲಿಸಿ ಮುಗಿಸುತ್ತವೆ. ತುಂಡಿನ ಎದುರಿಗೆ ತುಂಡನ್ನು ಬರೆಯುವುದಕ್ಕೆ ಹೆಚ್ಚು ಜಾಗವೇನೂ ಬೇಕಿಲ್ಲ.

ಒಡೆಯುವ ಉತ್ಸಾಹಕ್ಕೆ ಕಡಿವಾಣವೂ ಬೇಕು. ಯು-ಎನ್ ಲಿಪಿಗಳಿಂದ ಆರಂಭವಾದ ಮಾತ್ರಕ್ಕೆ ಅಂಕಲ್, ಅಂಡರ್, ಯೂನಿಟ್ ಎಂಬುವುಗಳಲ್ಲಿ ನಿಷೇಧಾರ್ಥ ಇಲ್ಲ. ವೈಯಾಕರಣರು ಅನ್ವಯ-ವ್ಯತಿರೇಕ ಎನ್ನುವ ಪರೀಕ್ಷೆ ಇಲ್ಲಿ ಸಾಕು: ಒಂದು ತುಂಡು ಇದ್ದಲ್ಲೆಲ್ಲ ಒಂದು ಅರ್ಥ ಇರಬೇಕು, ಅದು ಹೋದಾಗ ಆ ಅರ್ಥವೂ ಹೋಗಬೇಕು. ಹ್ಯಾಪಿ, ಅನ್‌ಹ್ಯಾಪಿ ಎಂಬುವು ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ, ಅಂಕಲ್ ನಿಲ್ಲುವುದಿಲ್ಲ. ಸರಿಯಾಗಿ ಒಡೆದರೂ ಅರ್ಥ ದಕ್ಕದ ಪದಗಳೂ ಉಂಟು. ಅಂಡರ್‌ಸ್ಟ್ಯಾಂಡ್ ಎಂಬುದರಲ್ಲಿ ‘ಕೆಳಗೆ’ ಮತ್ತು ‘ನಿಲ್ಲು’ ಸ್ಪಷ್ಟವಾಗಿವೆ, ‘ಅರಿ’ ಎಂಬ ಅರ್ಥ ಅವೆರಡರಲ್ಲಿಯೂ ಇಲ್ಲ. ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸಿದ ಪರಂಪರೆಗೆ ಇದರಲ್ಲಿ ಅಚ್ಚರಿಯಿಲ್ಲ. ಕೆಸರಿನಲ್ಲಿ ಹುಟ್ಟುವುದೆಲ್ಲ ಪಂಕಜವಾಗದು. ತಪ್ಪಾಗಿ ಒಡೆದದ್ದೂ ಜನ ಒಪ್ಪಿದರೆ ನಿಜವಾಗಿಬಿಡುತ್ತದೆ. ಹ್ಯಾಂಬರ್ಗ್ ಎಂಬ ಊರಿನ ಹೆಸರಿಗೆ ‘ಅರ್’ ಸೇರಿ ಆದ ಹ್ಯಾಂಬರ್ಗರ್ ಎಂಬುದನ್ನು ಹ್ಯಾಮ್ + ಬರ್ಗರ್ ಎಂದು ಒಡೆದವರಿಂದಾಗಿ ಚೀಸ್‌ಬರ್ಗರ್ ಹುಟ್ಟಿತು. ಈಗ ಬರ್ಗರ್ ಎಂಬುದು ಘಟಕವೇ ಹೌದು.

ಇನ್ನು ಭಾಷಾಂತರಗಳು ತುಂಡಿಗೆ ತುಂಡು ಹೊಂದದಿರುವ ಸಂದರ್ಭ. ಜೀವಶಾಸ್ತ್ರದ ಟ್ರಾನ್ಸ್‌ಪಿರೇಷನ್ ಎಂಬ ಪದ ಟ್ರಾನ್ಸ್ + ಸ್ಪಿರ್ + ಏಷನ್. ಎರಡು ಸಕಾರಗಳಲ್ಲಿ ಒಂದು ಲೋಪವಾಗಿದೆ. ‘ಸ್ಪಿರ್’ ಎಂದರೆ ಉಸಿರು. ರೆಸ್ಪಿರೇಷನ್, ಇನ್‌ಸ್ಪಿರೇಷನ್ ಎಂಬುವುಗಳಲ್ಲಿಯೂ ಅದೇ. ಇಂಗ್ಲಿಷಿಗೆ ಗಿಡ ಆಚೆಗೆ ಉಸಿರು ಬಿಡುತ್ತದೆ. ಕನ್ನಡದ ಬಾಷ್ಪವಿಸರ್ಜನೆಯಲ್ಲಿ ಉಸಿರಿಲ್ಲ, ಆವಿಯನ್ನು ಹೊರಬಿಡುವುದಷ್ಟೇ ಇದೆ. ತಮಿಳಿನ ನೀರಾವಿಪ್ಪೋಕ್ಕು ಎಂಬುದರಲ್ಲಿ ನೀರಾವಿ ಹೋಗುತ್ತದೆ. ಮಲಯಾಳಂನ ಸಸ್ಯಸ್ವೇದನಂ ಎಂಬುದರಲ್ಲಿ ಗಿಡ ಬೆವರುತ್ತದೆ. ಮರಾಠಿಯ ಬಾಷ್ಪೋಚ್ಛ್ವಾಸ ಎಂಬುದನ್ನು ಬಾಷ್ಪ + ಉತ್ + ಶ್ವಾಸ ಎಂದು ಬಿಡಿಸಿದರೆ ಅಲ್ಲಿ ಆವಿಯೂ ಇದೆ, ಉಸಿರೂ ಇದೆ. ಇಲ್ಲಿಯ ಹೊಂದಾಣಿಕೆ ಫೋಟೊಸಿಂಥೆಸಿಸ್ ಪದದಲ್ಲಿದ್ದಷ್ಟು ಸಲೀಸಲ್ಲ. ಆದರೂ ಕಾಸರಗೋಡಿನ ಹುಡುಗಿಯೊಬ್ಬಳು ಪುಸ್ತಕದ ಅಂಚಿನಲ್ಲಿ ಉಚ್ಚಾರಣೆಯನ್ನು ಬರೆದುಕೊಂಡ ಮೇಲೆ, ಮೇಲಿನ ಇಂಗ್ಲಿಷ್ ಪದದ ಮೇಲೆಯೇ ಎರಡು ಸಣ್ಣ ಗೆರೆಗಳನ್ನೆಳೆದು, ನಡುವಿನ ತುಂಡಿನ ಕೆಳಗೆ ‘ಉಸಿರು’ ಎಂದೂ ಪಕ್ಕದಲ್ಲಿ ‘ಬೆವರು’ ಎಂದೂ ಗುರುತು ಹಾಕಿಕೊಂಡರೆ, ಎಲೆಯಿಂದ ಹೊರಬೀಳುವುದೇನು ಎಂದು ಪರೀಕ್ಷೆಯಲ್ಲಿ ಕೇಳಿದಾಗ ಅವಳಿಗೆ ನೆನಪಿಸಿಕೊಳ್ಳಲು ಎರಡು ದಾರಿಗಳಿರುತ್ತವೆ.